ಮನೆ ಬಿದ್ದರೆ ಮತ್ತೆ ಕಟ್ಟುವಷ್ಟು ವಿಮೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮನೆಗೆ ವಿಮೆ ಇದೆಯಾ ಎಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡೇ. ಒಂದು, "ಇಲ್ಲ". ಇನ್ನೊಂದು, "ಸಾಲ ಕೊಡುವಾಗ ಬ್ಯಾಂಕಿನವರೇ ಮಾಡಿಸಿದ್ದಾರೆ". ಎಷ್ಟು ಮೊತ್ತಕ್ಕೆ, ಯಾವುದಕ್ಕೆ ಎಂದು ಕೇಳಿದರೆ ಬೀರು ತೆರೆದು ಹುಡುಕಬೇಕು. ಹುಡುಕಿ ತೆಗೆದ ಕಾಗದದಲ್ಲಿ ಎಷ್ಟೋ ಸಲ ಇರುವುದು ಸಾಲದ ಬಾಕಿಯಷ್ಟೇ ಮೊತ್ತ. ಅದು ಬ್ಯಾಂಕಿನ ಹಣವನ್ನು ಕಾಯುತ್ತದೆ, ನಿಮ್ಮ ಸೂರನ್ನಲ್ಲ. ಇನ್ನು ಕೆಲವರ ಕೈಲಿರುವುದು ಮನೆಯ ವಿಮೆಯೇ ಅಲ್ಲ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ ಅದು. ಮನೆ ಬಿದ್ದರೆ ಅದರಿಂದ ಒಂದು ಹೆಂಚೂ ಬರುವುದಿಲ್ಲ.

ಸರ್ಕಾರ ಪರಿಹಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ ವರ್ಷ, ನೆರೆಗೆ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಘೋಷಿಸಿದ್ದು ₹5 ಲಕ್ಷ. ಹನ್ನೆರಡು ಚದರದ ಸಾಧಾರಣ ಮನೆಯನ್ನು ಮತ್ತೆ ನಿಲ್ಲಿಸಲು ಬೇಕಾದ ಹಣದ ಎದುರು ಅದು ಎಷ್ಟರಮಟ್ಟಿನದು ಎಂಬುದನ್ನು ಮುಂದಿನ ಲೆಕ್ಕದಲ್ಲಿ ನೋಡಬಹುದು.

ಮನೆ ವಿಮೆಯಲ್ಲಿ ಕಂಪನಿಯ ಹೆಸರಿಗಿಂತ, ಪ್ರೀಮಿಯಂಗಿಂತ ಮುಖ್ಯವಾದದ್ದು ವಿಮಾ ಮೊತ್ತ. ಅದನ್ನು ಹೇಳುವವರು ನೀವು. ನೀವು ಹೇಳಿ ಕಂಪನಿ ಒಪ್ಪಿದ ಸಂಖ್ಯೆಯೇ ಕೊನೆಗೆ ನಿಮಗೆ ಸಿಗುವ ಹಣದ ಮಿತಿ. ಆದ್ದರಿಂದ ಏಜೆಂಟರಿಗೆ ಫೋನು ಮಾಡುವ ಮೊದಲೇ ಮಾಡಿ ಮುಗಿಸಬೇಕಾದ ಕೆಲಸ ಹೆಚ್ಚಿದೆ.

ಹೆಜ್ಜೆ 1: ಮೂರು ತಪ್ಪು ಸಂಖ್ಯೆಗಳನ್ನು ಬದಿಗಿಡಿ

ಮನೆ ಮಾರಿದರೆ ಬರುವ ಬೆಲೆಯನ್ನು ವಿಮಾ ಮೊತ್ತವೆಂದು ಬರೆಯಬೇಡಿ. ಅದರಲ್ಲಿ ಜಾಗದ ಬೆಲೆ ಸೇರಿರುತ್ತದೆ, ಜಾಗಕ್ಕೆ ವಿಮೆ ಇಲ್ಲ. ಶಿವಮೊಗ್ಗ ಪೇಟೆಯಲ್ಲಿ ಈ ತಪ್ಪಿನಿಂದ ಅನಗತ್ಯ ಪ್ರೀಮಿಯಂ ಕಟ್ಟುತ್ತೀರಿ. ಹೊಸನಗರದ ಒಳಹಳ್ಳಿಯಲ್ಲಿ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ: ಮಾರಲು ಹೋದರೆ ಹತ್ತು ಲಕ್ಷಕ್ಕೂ ಕೇಳುವವರಿಲ್ಲದ ಹಳೇ ಮನೆಯನ್ನು ಮತ್ತೆ ಕಟ್ಟಲು ಮೂವತ್ತು ಲಕ್ಷ ಬೇಕಾಗಬಹುದು.

ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವೂ ಬೇಡ, ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು. ಸಾಲದ ಮೊತ್ತದ ವಿಷಯ ಆಗಲೇ ಹೇಳಿದೆ.

ಬೇಕಿರುವುದು ಒಂದೇ ಸಂಖ್ಯೆ: ಇವತ್ತಿನ ದರದಲ್ಲಿ, ನಿಮ್ಮ ಊರಿನಲ್ಲಿ, ಅಷ್ಟೇ ದೊಡ್ಡ ಮನೆಯನ್ನು ಅದೇ ಗುಣಮಟ್ಟದಲ್ಲಿ ಪಾಯದಿಂದ ಮತ್ತೆ ಎಬ್ಬಿಸಲು ತಗಲುವ ಖರ್ಚು.

ಹೆಜ್ಜೆ 2: ಟೇಪು ಹಿಡಿದು ಅಳೆಯಿರಿ

2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ವಹಿವಾಟು ನಡೆಸುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕಡ್ಡಾಯವಾಗಿ ಕೊಡಬೇಕಾದ ಪಾಲಿಸಿ ಒಂದಿದೆ. ಅದರ ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ರೂಪಿಸಿದ ಪಾಲಿಸಿಯಾದ್ದರಿಂದ ಕಂಪನಿ ಯಾವುದೇ ಆದರೂ ಮೂಲ ಷರತ್ತು ಒಂದೇ. ಇದರಲ್ಲಿ ಕಟ್ಟಡದ ವಿಮಾ ಮೊತ್ತ ಹೀಗೆ ಬರುತ್ತದೆ: ಚದರ ಮೀಟರ್‌ನಲ್ಲಿ ಕಾರ್ಪೆಟ್ ಏರಿಯಾ, ಅದಕ್ಕೆ ಗುಣಿಸು ನೀವು ಘೋಷಿಸಿದ ನಿರ್ಮಾಣ ದರ.

ಮಲೆನಾಡಿನವರು ಎಡವುವುದು ಇಲ್ಲೇ. ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆಯ ದಪ್ಪ ಸೇರುವುದಿಲ್ಲ, ಒಳಗಿನ ಅಡ್ಡಗೋಡೆ ಸೇರುತ್ತದೆ. ಜಗಲಿ, ವರಾಂಡ, ಬಾಲ್ಕನಿಗಳ ವಿಸ್ತೀರ್ಣದಲ್ಲಿ ಲೆಕ್ಕಕ್ಕೆ ಬರುವುದು ಕಾಲು ಭಾಗ ಮಾತ್ರ. ನಮ್ಮ ಮನೆಗಳಲ್ಲಾದರೋ ಗೋಡೆ ಒಂದೂವರೆ ಅಡಿ ದಪ್ಪ, ಮನೆಯಗಲಕ್ಕೂ ಜಗಲಿ. ಮೇಸ್ತ್ರಿ ದರ ಹೇಳುವುದು ಹೊರಗಿನಿಂದ ಹೊರಗೆ ಅಳೆದ ಅಡಿಗೆ, ಪಾಲಿಸಿ ಕೇಳುವುದು ಒಳಗಿನ ಅಡಿಗೆ. ಮೇಸ್ತ್ರಿಯ ದರವನ್ನೇ ಒಳಗಿನ ಅಡಿಗೆ ಗುಣಿಸಿದರೆ ಲಕ್ಷಗಟ್ಟಲೆ ಕೈಬಿಟ್ಟುಹೋಗುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಹೊರ ಅಳತೆ 40 ಅಡಿಗೆ 30 ಅಡಿ, ಹೊರಗೋಡೆ 18 ಇಂಚು, ಎದುರಿಗೆ 30 ಅಡಿ ಉದ್ದ 7 ಅಡಿ ಅಗಲದ ಜಗಲಿ, ಮಂಗಳೂರು ಹೆಂಚಿನ ಮಾಡು.

ಗೋಡೆ ದಪ್ಪವನ್ನು ಕಿಟಕಿಯ ಬಳಿ ಗಾರೆ ಸೇರಿಸಿ ಅಳೆಯಿರಿ. ಎರಡೂ ಬದಿಯ ದಪ್ಪ ಕಳೆದರೆ ಒಳ ಅಳತೆ 37 ಅಡಿಗೆ 27 ಅಡಿ, ಅಂದರೆ 999 ಚದರಡಿ. ಜಗಲಿ 210 ಚದರಡಿ, ಅದರ ಕಾಲು ಭಾಗ 52.5. ಎರಡೂ ಕೂಡಿ 1,051.5 ಚದರಡಿ. ಇದನ್ನು 10.764ರಿಂದ ಭಾಗಿಸಿದರೆ 97.7 ಚದರ ಮೀಟರ್. ಪಾಲಿಸಿಗೆ ಬರೆಯಬೇಕಾದ ವಿಸ್ತೀರ್ಣ ಇದು.

ಜನ ಓಡಾಡುವ, ಮಲಗುವ ಉಪ್ಪರಿಗೆ ಇದ್ದರೆ ಅದನ್ನು ಬೇರೆ ಅಳೆದು ಸೇರಿಸಿ. ಬಗ್ಗಿ ನಡೆಯಬೇಕಾದ ಅಟ್ಟವನ್ನು ವಿಸ್ತೀರ್ಣಕ್ಕೆ ಸೇರಿಸುವುದಕ್ಕಿಂತ ಅದರ ತೊಲೆ, ಹಲಗೆಯ ಖರ್ಚನ್ನು ಎಸ್ಟಿಮೇಟಿಗೆ ಸೇರಿಸುವುದು ಒಳ್ಳೆಯದು. ಆಮೇಲೆ ತಕರಾರಿಗೆ ಆಸ್ಪದವಿರುವುದಿಲ್ಲ.

ಹೆಜ್ಜೆ 3: ಪೂರ್ತಿ ಖರ್ಚನ್ನು ಮೊದಲು ಹಿಡಿದು, ದರವನ್ನು ಹಿಂದಿನಿಂದ ತೆಗೆಯಿರಿ

ಮೇಸ್ತ್ರಿ ಚದರಡಿಗೆ ₹2,300, ಜಗಲಿಗೆ ₹1,200 ಹೇಳಿದರು ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ದರ. ನಿಮ್ಮ ಊರಿನದನ್ನು ನೀವೇ ವಿಚಾರಿಸಬೇಕು.

ಮನೆ: 1,200 × 2,300 = ₹27,60,000
ಜಗಲಿ: 210 × 1,200 = ₹2,52,000
ಒಟ್ಟು: ₹30,12,000

ಇದನ್ನು 97.7ರಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು ₹30,800. ವಿಮೆಗೆ ಸಲ್ಲಿಸುವ ಅರ್ಜಿ, ಅಂದರೆ ಪ್ರಪೋಸಲ್ ಫಾರಂನಲ್ಲಿ ನಿರ್ಮಾಣ ದರ ಎಂಬಲ್ಲಿ ಈ ಸಂಖ್ಯೆ ಬರಬೇಕು. ಹಾಗೆ ಮಾಡದೆ ಮೇಸ್ತ್ರಿಯ ₹2,300ನ್ನೇ ಕಾರ್ಪೆಟ್ ಏರಿಯಾದ 1,051.5ರ ಮೇಲೆ ಹಾಕಿದರೆ ಬರುವುದು ₹24,18,450. ಸುಮಾರು ಆರು ಲಕ್ಷ ಕಡಿಮೆ. ಮನೆ ಅದೇ, ಮೇಸ್ತ್ರಿಯ ದರವೂ ಅದೇ. ಹೋದದ್ದು ಗೋಡೆಯ ದಪ್ಪ ಮತ್ತು ಮುಕ್ಕಾಲು ಜಗಲಿ.

ಬಾಯಿಮಾತಿನ ದರಕ್ಕೆ ನಿಲ್ಲಬೇಡಿ. ಸಿವಿಲ್ ಎಂಜಿನಿಯರ್ ಒಬ್ಬರಿಂದ ಸಹಿ, ಮುದ್ರೆ, ತಾರೀಖು ಇರುವ ಎಸ್ಟಿಮೇಟ್ ಮಾಡಿಸಿ, ಅದರ ಒಂದು ಪ್ರತಿಯನ್ನು ಪ್ರಪೋಸಲ್ ಜೊತೆಗೇ ಕೊಡಿ. ಎಂಜಿನಿಯರುಗಳು ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು ಲೆಕ್ಕ ಹಾಕುವುದುಂಟು. ಟಿಪ್ಪರ್ ಹೋಗದ ದಾರಿಯ ಕೊನೆಯ ಅರ್ಧ ಕಿಲೋಮೀಟರ್ ಟ್ರ್ಯಾಕ್ಟರಿನಲ್ಲೋ ತಲೆಹೊರೆಯಲ್ಲೋ ಸಾಮಾನು ಸಾಗಬೇಕಾದ ಮನೆಗೆ ಆ ದರ ಸಾಲದು. ಸಾಗಾಟವನ್ನು ಬೇರೆ ಸಾಲಿನಲ್ಲಿ ತೋರಿಸಿ ಎಂದು ಹೇಳಿ.

ಎಸ್ಟಿಮೇಟ್ ಕೈಗೆ ಬಂದ ಮೇಲೆ ಮಾಡಿನ ಲೆಕ್ಕವನ್ನು ನೀವೇ ಒಮ್ಮೆ ನೋಡಿ, ಹೆಚ್ಚಾಗಿ ಕಡಿಮೆ ಬೀಳುವುದು ಅಲ್ಲಿ. ಮೇಲಿನ ಮನೆಗೆ ಸುತ್ತಲೂ ಎರಡಡಿ ಸೂರು ಚಾಚಿದ್ದರೆ ಮಾಡು ಮುಚ್ಚುವ ಜಾಗ 44 ಅಡಿಗೆ 34 ಅಡಿ. ಮೂವತ್ತು ಡಿಗ್ರಿ ಇಳಿಜಾರಿಗೆ ಅದು ಹಿಗ್ಗಿ ಸುಮಾರು 1,730 ಚದರಡಿ, ಅಂದರೆ 160 ಚದರ ಮೀಟರ್. ಚದರ ಮೀಟರಿಗೆ 15 ಮಂಗಳೂರು ಹೆಂಚಿನಂತೆ 2,400 ಹೆಂಚು. ಒಡೆದುಹೋಗುವುದಕ್ಕೆ ನೂರಕ್ಕೆ ಐದರಂತೆ ಸೇರಿಸಿದರೆ 2,520. ಇದರ ಮೇಲೆ ಮೂಲೆ ಹೆಂಚು, ಪಕಾಸು, ರೀಪು, ತೊಲೆ. ಎಸ್ಟಿಮೇಟಿನಲ್ಲಿ 1,200 ಚದರಡಿಗಷ್ಟೇ ಹೆಂಚು ಹಿಡಿದಿದ್ದರೆ ವಾಪಸು ಕೊಟ್ಟು ತಿದ್ದಿಸಿ.

ಹೆಜ್ಜೆ 4: ಹಳೇ ಮನೆಯಾದರೆ, ಯಾವ ಮನೆ ಕಟ್ಟುತ್ತೀರಿ ಎಂದು ಈಗಲೇ ತೀರ್ಮಾನಿಸಿ

ಅಜ್ಜನ ಕಾಲದ ಮನೆಯ ಬೀಟೆ ಕಂಬ, ಹಲಸಿನ ಬಾಗಿಲು, ಕೆತ್ತನೆಯ ದಾರಂದ ಹೋದರೆ ಅಂಥದ್ದೇ ಸಿಗುವುದು ಕಷ್ಟ. ಸಿಕ್ಕರೂ ಆ ಮರದ ಬೆಲೆ ಸಾಮಾನ್ಯ ಚದರಡಿ ದರದೊಳಗೆ ಅಡಗುವುದಿಲ್ಲ. ಎರಡು ದಾರಿಗಳಿವೆ. ಇದ್ದ ಹಾಗೇ ಕಟ್ಟಬೇಕೆಂದಿದ್ದರೆ ಮರವನ್ನು ಘನ ಅಡಿಯಲ್ಲಿ ಅಳೆದು ಎಸ್ಟಿಮೇಟ್ ಮಾಡಿಸಿ, ಅದಕ್ಕೆ ತಕ್ಕ ದರವನ್ನು ಘೋಷಿಸಿ, ಪ್ರತಿ ಕಂಬ ಬಾಗಿಲಿನ ಫೋಟೋ ಲಗತ್ತಿಸಿ. ಅಷ್ಟು ಬೇಡ, ಅದೇ ವಿಸ್ತೀರ್ಣದ ಜಂಬಿಟ್ಟಿಗೆ ಗೋಡೆ, ತಾರಸಿ ಮನೆ ಸಾಕು ಎಂದಾದರೆ ಅದರ ದರ ಹಾಕಿ. ಎರಡೂ ಸರಿಯೇ. ತಪ್ಪಾಗುವುದು, ಕಡಿಮೆ ದರ ಬರೆದು ಮನಸ್ಸಿನಲ್ಲಿ ಹಳೇ ಮನೆಯನ್ನೇ ಇಟ್ಟುಕೊಂಡಾಗ.

ಸೋಗೆ ಮಾಡು, ಹುಲ್ಲಿನ ಮಾಡು, ಹಲಗೆ ಗೋಡೆ, ಬಿದಿರು, ಟಾರ್ಪಾಲು ಇರುವ ಕಟ್ಟಡವನ್ನು ಪಾಲಿಸಿ ಕಚ್ಚಾ ಕಟ್ಟಡ ಎಂದು ಕರೆಯುತ್ತದೆ. ಮನೆ ಹೆಂಚಿನದಾಗಿದ್ದು ಹಿಂದಿನ ಬಚ್ಚಲಿಗೋ ಕೊಟ್ಟಿಗೆಗೋ ಸೋಗೆ ಹೊದಿಸಿದ್ದರೆ ಅದನ್ನು ಮುಚ್ಚಿಡಬೇಡಿ, ಬರೆಯಿರಿ. ಹಂಡೆ ಒಲೆಯ ಕಿಡಿ ಸೋಗೆಗೆ ತಾಗಿ ಮನೆಗೆ ಹಬ್ಬಿದರೆ ಹಾನಿ ಅಳೆಯಲು ಬರುವ ಸರ್ವೇಯರ್ ಮೊದಲು ನೋಡುವುದೇ ಅದನ್ನು.

ಹೆಜ್ಜೆ 5: ಅಂಗಳಕ್ಕಿಳಿದು ಪಟ್ಟಿ ಮಾಡಿ

ಕಾಂಪೌಂಡು, ಗೇಟು, ತಡೆಗೋಡೆ, ಸೆಪ್ಟಿಕ್ ಟ್ಯಾಂಕ್, ಗೋಬರ್ ಗ್ಯಾಸ್ ಗುಂಡಿ, ನೀರಿನ ತೊಟ್ಟಿ, ಸೋಲಾರ್ ಫಲಕ, ಕಾರು ನಿಲ್ಲಿಸುವ ಶೆಡ್ಡು. ಇವೆಲ್ಲ ಹೆಚ್ಚುವರಿ ರಚನೆಗಳು. ಇವಕ್ಕೆ ಕಾರ್ಪೆಟ್ ಏರಿಯಾದ ಲೆಕ್ಕವಿಲ್ಲ, ಒಂದೊಂದಕ್ಕೂ ಕಟ್ಟುವ ಖರ್ಚನ್ನು ಬೇರೆ ಬೇರೆ ಘೋಷಿಸಬೇಕು. ಹಲವರು ತಡೆಗೋಡೆಯನ್ನು ಮರೆಯುತ್ತಾರೆ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ 40 ಅಡಿ ಉದ್ದ, 8 ಅಡಿ ಎತ್ತರದ ಕಲ್ಲಿನ ತಡೆಗೋಡೆ ಅಗ್ಗದ ವಸ್ತುವಲ್ಲ. ಧರೆ ಕುಸಿದಾಗ ಮೊದಲು ಹೋಗುವುದೂ ಅದೇ.

ಹೊರಮನೆ ಎಂದು ಪಾಲಿಸಿ ಒಪ್ಪುವುದು ವಾಸಕ್ಕೆ ಬಳಸುವುದನ್ನು. ದನದ ಕೊಟ್ಟಿಗೆ, ಅಡಿಕೆ ಬೇಯಿಸುವ ಶೆಡ್ಡು, ಸುಲಿಯುವ ಯಂತ್ರದ ಕೋಣೆ ತಾನಾಗಿ ಒಳಗೆ ಬರುತ್ತವೆ ಎಂದು ನಂಬಬೇಡಿ. ಹೆಸರು ಹಿಡಿದು ಬರೆಯಿಸಿ. ವ್ಯಾಪಾರದ ಪ್ರಮಾಣದಲ್ಲಿ ಅಡಿಕೆ ಸಂಸ್ಕರಣೆ ಇದ್ದರೆ ಅದಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ಪಾಲಿಸಿ ಇದೆ. ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡಿದ್ದರೂ ಹೇಳಲೇಬೇಕು. ವಾಸದ ಮನೆ ಎಂದು ಬರೆದು ಬಾಡಿಗೆ ವ್ಯವಹಾರ ನಡೆಸುತ್ತಿದ್ದರೆ ಕ್ಲೇಮ್ ಹೊತ್ತಿಗೆ ಅದೇ ಅಡ್ಡಿಯಾಗುತ್ತದೆ.

ಹೆಜ್ಜೆ 6: ಪಾಲಿಸಿ ಆರಿಸುವುದು

ಭಾರತ್ ಗೃಹ ರಕ್ಷಾವನ್ನೇ ತಳಹದಿಯಾಗಿ ಹಿಡಿಯುವುದು ಉತ್ತಮ. ಕಾರಣ ಇಷ್ಟು.

ಸಾಮಾನ್ಯ ಬೆಂಕಿ ಪಾಲಿಸಿಗಳಲ್ಲಿ ಸರಾಸರಿ ನಿಯಮ ಎಂಬುದಿದೆ. ಮೂವತ್ತು ಲಕ್ಷದ ಮನೆಗೆ ಹದಿನೈದು ಲಕ್ಷದ ವಿಮೆ ಮಾಡಿಸಿ, ಆರು ಲಕ್ಷದ ಹಾನಿಯಾದರೆ, ಅರ್ಧ ವಿಮೆಗೆ ಅರ್ಧ ಪರಿಹಾರ ಎಂದು ಮೂರೇ ಲಕ್ಷ ಕೊಡುತ್ತಾರೆ. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಹಾಗೆಂದು ಕಡಿಮೆ ಮೊತ್ತಕ್ಕೆ ಮಾಡಿಸಿದರೆ ನಡೆಯುತ್ತದೆ ಎಂದುಕೊಳ್ಳಬೇಡಿ. ಮನೆ ಪೂರ್ತಿ ಹೋದರೆ ಹದಿನೈದರ ಮೇಲೆ ಒಂದು ರೂಪಾಯಿಯೂ ಬರುವುದಿಲ್ಲ.

ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ, ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ. ಹತ್ತು ವರ್ಷದವರೆಗಿನ ದೀರ್ಘಾವಧಿ ಪಾಲಿಸಿಯೂ ಸಿಗುತ್ತದೆ, ಮೊತ್ತ ಗರಿಷ್ಠ ದುಪ್ಪಟ್ಟಾಗುವವರೆಗೆ ಏರಬಹುದು. ಸಿಮೆಂಟ್, ಕೂಲಿ ಏರುವ ಕಾಲದಲ್ಲಿ ಇದು ದೊಡ್ಡ ಅನುಕೂಲ. ವರ್ಷ ವರ್ಷ ನವೀಕರಿಸುವವರು ಹಳೇ ಮೊತ್ತಕ್ಕೇ ನವೀಕರಿಸುತ್ತಾ ಹೋಗಬಾರದು, ಹೊಸ ದರ ಕೇಳಿ ತಿದ್ದಿಸಬೇಕು.

ವಾಸ್ತುಶಿಲ್ಪಿ, ಎಂಜಿನಿಯರ್ ಶುಲ್ಕಕ್ಕೆ ಕ್ಲೇಮ್ ಮೊತ್ತದ ಶೇ 5ರವರೆಗೆ, ಅವಶೇಷ ತೆರವಿಗೆ ಶೇ 2ರವರೆಗೆ ಪ್ರತ್ಯೇಕವಾಗಿ ಸಿಗುತ್ತದೆ. ಈ ಶೇ 2ನ್ನು ಸ್ವಲ್ಪ ನಿಂತು ನೋಡಬೇಕು. ಮೂವತ್ತು ಲಕ್ಷಕ್ಕೆ ಅದು ₹60,000. ನಮ್ಮ ಉದಾಹರಣೆಯ ಮನೆ ಮಣ್ಣಿನ ಗೋಡೆಯದಾಗಿದ್ದು ಹತ್ತಡಿ ಎತ್ತರವಿದ್ದರೆ ಹೊರಗೋಡೆಯ ಮಣ್ಣೇ 2,000 ಘನ ಅಡಿ. ಟಿಪ್ಪರ್ ಒಂದು ಸಲಕ್ಕೆ 100 ಘನ ಅಡಿ ಹೊತ್ತರೂ ಇಪ್ಪತ್ತು ಟ್ರಿಪ್ಪು. ಒಳಗೋಡೆ, ಹೆಂಚಿನ ಚೂರು, ಮುರಿದ ಮರ ಬೇರೆ. ಅದರ ಮೇಲೆ ಗುಡ್ಡವೇ ಅಂಗಳಕ್ಕೆ ಬಂದು ಕೂತಿದ್ದರೆ ಜೆಸಿಬಿ ದಿನಗಟ್ಟಲೆ ನಿಲ್ಲಬೇಕು. ಹೆಚ್ಚಿನ ತೆರವು ವೆಚ್ಚಕ್ಕೆ ಪೂರಕ ಕವರ್ ಇದೆಯಾ ಎಂದು ಕೇಳಿ.

ಮನೆ ಕಟ್ಟಿ ಮುಗಿಯುವವರೆಗೆ ಬಾಡಿಗೆ ಮನೆಯ ಖರ್ಚು ಎಷ್ಟು, ಎಷ್ಟು ತಿಂಗಳವರೆಗೆ ಎಂಬುದು ಪಾಲಿಸಿಯ ವಿವರಪಟ್ಟಿಯಾದ ಶೆಡ್ಯೂಲಿನಲ್ಲಿ ಸಂಖ್ಯೆಯಾಗಿ ಇರಬೇಕು. ಮಲೆನಾಡಿನಲ್ಲಿ ಜುಲೈನಲ್ಲಿ ಬಿದ್ದ ಮನೆಯ ಪಾಯ ತೆಗೆಯಲು ನವೆಂಬರ್ ಆಗುತ್ತದೆ. ಮುಂದಿನ ಮಳೆಗಾಲದೊಳಗೆ ಮಾಡು ಹೊದಿಸಲಾಗದಿದ್ದರೆ ಇನ್ನೊಂದು ವರ್ಷ ಹೋಯಿತು. ಆದ್ದರಿಂದ ಹದಿನೆಂಟು ತಿಂಗಳ ಬಾಡಿಗೆಗಿಂತ ಕಡಿಮೆ ಹಿಡಿಯಬೇಡಿ.

ಬೇರೆ ಪಾಲಿಸಿ ಆರಿಸುವವರು ಒಂದು ಪದ ಹುಡುಕಿ: ಮರುನಿರ್ಮಾಣ ಮೌಲ್ಯ. ಅದರ ಬದಲು ಮಾರುಕಟ್ಟೆ ಮೌಲ್ಯ ಎಂದಿದ್ದರೆ ಮನೆಯ ವಯಸ್ಸಿಗೆ ಸವಕಳಿ ಕಳೆದು ಕೊಡುತ್ತಾರೆ, ಐವತ್ತು ವರ್ಷದ ಮನೆಗೆ ಬರುವ ಹಣದಲ್ಲಿ ಮಾಡೂ ಏಳುವುದಿಲ್ಲ. ಮರುನಿರ್ಮಾಣ ಷರತ್ತಿರುವ ಬೆಂಕಿ ಪಾಲಿಸಿಗಳಲ್ಲಿ ಹಾನಿಯಾದ 12 ತಿಂಗಳೊಳಗೆ ಕಟ್ಟಿ ಮುಗಿಸಬೇಕು, ಅಥವಾ ಕಂಪನಿಯಿಂದ ಲಿಖಿತವಾಗಿ ಅವಧಿ ವಿಸ್ತರಿಸಿಕೊಳ್ಳಬೇಕು ಎಂಬ ನಿಯಮವಿರುತ್ತದೆ. ನಮ್ಮ ಮಳೆಗಾಲ ಆ ಹನ್ನೆರಡರಲ್ಲಿ ನಾಲ್ಕು ತಿಂಗಳು ತಿಂದುಹಾಕುತ್ತದೆ. ಮೊದಲ ತಿಂಗಳಲ್ಲೇ ವಿಸ್ತರಣೆಗೆ ಪತ್ರ ಬರೆಯಿರಿ.

ಪ್ರೀಮಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಕಂಪನಿಗಳಿಂದ ಒಂದೇ ವಿಮಾ ಮೊತ್ತಕ್ಕೆ ದರ ತರಿಸಿ ಹೋಲಿಸಿ, ಶೇ 18 ಜಿಎಸ್‌ಟಿ ಸೇರಿದೆಯಾ ನೋಡಿ. ಕಾರಿನ ವಿಮೆಗೆ ಕಟ್ಟುವ ಹಣದ ಮುಂದೆ ಇದು ಚಿಕ್ಕದೇ. ಅದನ್ನು ಇನ್ನಷ್ಟು ಇಳಿಸಲು ವಿಮಾ ಮೊತ್ತ ಕಡಿಮೆ ಬರೆಯೋಣ ಎನ್ನುವ ಸಲಹೆಗೆ ಮಾತ್ರ ಒಪ್ಪಬೇಡಿ.

ಹೆಜ್ಜೆ 7: ಧರೆ, ಮಳೆ, ಸಿಡಿಲು, ಮರ. ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಕಾಳ್ಗಿಚ್ಚು ಎಲ್ಲವೂ ಗೃಹ ರಕ್ಷಾದ ಒಳಗಿವೆ. ಮನೆಯ ಮೇಲೆ ಮರ ಬಿದ್ದರೂ ಇದೆ, ಸಿಲ್ವರ್ ಓಕ್ ಸಾಲಿನ ಪಕ್ಕದಲ್ಲಿ ಮನೆ ಇರುವವರಿಗೆ ಇದು ಮುಖ್ಯ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನ ಕ್ವಾರಿ ಬಳಿ ಸ್ಫೋಟಕ ಸಿಡಿದು ಸುತ್ತಲ ಊರುಗಳ ಮನೆ ಗೋಡೆ ಬಿರುಕು ಬಿಟ್ಟಿದ್ದವು. ಸ್ಫೋಟ ಎಂಬ ಪದ ಪಾಲಿಸಿಯಲ್ಲಿ ಇರುವುದು ಅಂಥದ್ದಕ್ಕೇ.

ಭೂಕುಸಿತಕ್ಕೆ ಕವರ್ ಇದೆ ಎಂದು ಓದಿ ಮುಂದೆ ಹೋಗಬೇಡಿ. ಅದರ ಪಕ್ಕದಲ್ಲೇ ಹೊರಗಿಟ್ಟವುಗಳ ಪಟ್ಟಿ ಇದೆ: ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು, ತುಂಬಿಸಿದ ಮಣ್ಣಿನ ಜಾಗ ಕುಸಿಯುವುದು, ನದಿಯ ಕೊರೆತ, ಕೆಟ್ಟ ವಿನ್ಯಾಸ ಅಥವಾ ಕಳಪೆ ಕೆಲಸ, ಕಟ್ಟುವ ಒಡೆಯುವ ಕೆಲಸ, ನೆಲ ಅಗೆತ. ಮಲೆನಾಡಿನ ಬಹುಪಾಲು ಹೊಸ ಮನೆಗಳ ಕಥೆ ಈ ಒಂದೇ ಸಾಲಿನಲ್ಲಿದೆ. ಜೆಸಿಬಿಯಿಂದ ಗುಡ್ಡ ಕಡಿದು, ಕಡಿದ ಮಣ್ಣನ್ನೇ ಎದುರಿಗೆ ತುಂಬಿ, ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕಟ್ಟುತ್ತೇವೆ. ಹಿಂದಿನ ಧರೆ ಜರಿದರೆ ಭೂಕುಸಿತ ಎನ್ನಬಹುದು. ಮುಂದಿನ ಅರ್ಧ ಕೂತರೆ ತುಂಬಿದ ಮಣ್ಣು ಎಂದು ಕೈಬಿಡಬಹುದು. ಪಕ್ಕದವರು ಧರೆಯ ಬುಡ ಅಗೆದಾಗ ಕುಸಿದರೆ ಅಗೆತ ಎನ್ನಬಹುದು.

ಇದಕ್ಕೆ ಮಾಡಬಹುದಾದ ಕೆಲಸ ಕೆಲವಿವೆ. ಪಾಯದ ಕಂಬಗಳು ಗಟ್ಟಿ ನೆಲಕ್ಕೆ ಇಳಿದಿವೆ ಎಂಬುದಕ್ಕೆ ಎಂಜಿನಿಯರರ ನಕ್ಷೆ, ಪಾಯ ತೆಗೆದಾಗಿನ ಫೋಟೋ ಇಟ್ಟುಕೊಳ್ಳಿ. ತಡೆಗೋಡೆಯಲ್ಲಿ ನೀರು ಹೊರಬೀಳುವ ತೂತುಗಳು ಕಟ್ಟಿಕೊಂಡಿದ್ದರೆ ಮೇ ತಿಂಗಳಲ್ಲೇ ಬಿಡಿಸಿ, ಬಿಡಿಸಿದ್ದರ ಫೋಟೋ ತೆಗೆಯಿರಿ. ಧರೆಯ ಮೇಲಿನಿಂದ ಬರುವ ನೀರನ್ನು ಕಾಲುವೆ ಮಾಡಿ ಬದಿಗೆ ಹರಿಸಿ. ಮನೆ ಉಳಿಯುವುದೂ ಇದರಿಂದಲೇ, ನಿರ್ಲಕ್ಷ್ಯ ಎಂಬ ಮಾತಿಗೆ ಉತ್ತರ ಸಿಗುವುದೂ ಇದರಿಂದಲೇ.

ಮಳೆಗೆ ನೆನೆದು ಕುಸಿಯುವ ಮಣ್ಣಿನ ಗೋಡೆಯದು ಇನ್ನೊಂದು ತೊಡಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ನೆರೆ ಬಂದಿರುವುದಿಲ್ಲ, ಗಾಳಿ ಎದ್ದಿರುವುದಿಲ್ಲ, ಹದಿನೈದು ದಿನದ ಜಡಿಮಳೆಗೆ ಗೋಡೆ ಬುಡದಿಂದ ನೆನೆದು ರಾತ್ರಿ ಕೂತುಬಿಡುತ್ತದೆ. ಕಂಪನಿ ಇದನ್ನು ಸವೆತ ಎಂದು ತಳ್ಳಿಹಾಕುವ ಸಾಧ್ಯತೆ ದೊಡ್ಡದು. ಬಿರುಗಾಳಿಗೆ ಹೆಂಚು ಹಾರಿ ನೀರಿಳಿಯಿತೇ, ಮೇಲಿನ ತೋಟದ ನೀರು ಅಂಗಳಕ್ಕೆ ನುಗ್ಗಿ ಗೋಡೆ ಬುಡದಲ್ಲಿ ನಿಂತಿತೇ ಎಂಬುದು ಇಲ್ಲಿ ನಿರ್ಣಾಯಕ. ಆಗಿದ್ದರೆ ಆ ಹೊತ್ತಿನಲ್ಲೇ ಫೋಟೋ, ವಿಡಿಯೋ ತೆಗೆಯಿರಿ. ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿಯುವ ಕೆಸರಿನ ಗೆರೆಯ ಪಕ್ಕ ಟೇಪು ಹಿಡಿದು ಒಂದು ಫೋಟೋ ಇರಲಿ. ಆ ದಿನದ ನಿಮ್ಮ ಹೋಬಳಿಯ ಮಳೆ ಅಂಕಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯಿಂದ ತೆಗೆದಿಟ್ಟುಕೊಳ್ಳಿ. ಗೆದ್ದಲು ತಿಂದ ಪಕಾಸು ಮುರಿದರೆ ಮಾತ್ರ ಯಾವ ವಿಮೆಯೂ ಇಲ್ಲ.

ಸಿಡಿಲಿನಲ್ಲಿ ಒಂದು ಸೂಕ್ಷ್ಮ ಇದೆ. ಸಿಡಿಲು ಬಡಿದು ಗೋಡೆ ಒಡೆದರೆ, ಬೆಂಕಿ ಹೊತ್ತಿದರೆ ಕವರ್ ಇದೆ. ವೈರಿನಲ್ಲಿ ಬಂದ ವಿದ್ಯುತ್ತಿಗೆ ಟಿವಿ, ಇನ್ವರ್ಟರ್, ಪಂಪ್ ಸುಟ್ಟರೆ ಆ ಉಪಕರಣಕ್ಕೆ ಇಲ್ಲ, ಕಾರಣ ಸಿಡಿಲೇ ಆಗಿದ್ದರೂ ಇಲ್ಲ. ಅಲ್ಲಿಂದ ಬೆಂಕಿ ಹಬ್ಬಿ ಬೇರೆಯದು ಸುಟ್ಟರೆ ಅದಕ್ಕೆ ಸಿಗುತ್ತದೆ. ಉಪಕರಣಗಳಿಗೆ ಬೇರೆ ಕವರ್ ಸೇರಿಸಬೇಕು. ಕಳ್ಳತನವೂ ಹಾಗೆಯೇ: ನೆರೆ, ಬೆಂಕಿಯಂಥ ಘಟನೆಯ ಏಳು ದಿನದೊಳಗೆ, ಅದರಿಂದಾಗಿ ಆದ ಕಳವಿಗಷ್ಟೇ ಮೂಲ ಪಾಲಿಸಿ ಕೊಡುತ್ತದೆ.

ಹೆಜ್ಜೆ 8: ಒಳಗಿನ ಸಾಮಾನು

ಕಟ್ಟಡದ ವಿಮಾ ಮೊತ್ತದ ಶೇ 20, ಗರಿಷ್ಠ ₹10 ಲಕ್ಷದವರೆಗೆ, ಮನೆ ಸಾಮಾನಿಗೆ ತಾನಾಗಿ ಕವರ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ₹6 ಲಕ್ಷ, ಹೆಚ್ಚಿನ ಮನೆಗಳಿಗೆ ಸಾಕು. ಒಡವೆಗೆ ಬೇರೆ ಕವರ್ ಬೇಕು, ಮೌಲ್ಯಮಾಪನದ ಚೀಟಿಯೊಂದಿಗೆ. ನಗದು ಸೇರುವುದಿಲ್ಲ. ಅಟ್ಟದಲ್ಲಿ ದರ ಕಾದು ಇಟ್ಟ ಅಡಿಕೆ ಮೂಟೆ ಮನೆ ಸಾಮಾನಲ್ಲ, ಮಾರಾಟದ ಸರಕು. ಹತ್ತು ಕ್ವಿಂಟಲ್ ರಾಶಿ ಅಡಿಕೆ ಎಂದರೆ ಹಲವು ಲಕ್ಷ. ಅದಕ್ಕೆ ದಾಸ್ತಾನಿನ ವಿಮೆ ಪ್ರತ್ಯೇಕ ಮಾಡಿಸಿ, ಇಲ್ಲವೇ ವಿಮೆ ಇರುವ ಗೋದಾಮಿಗೆ ಹಾಕಿ.

ಹೆಜ್ಜೆ 9: ಸಹಿ ಹಾಕುವ ಮೊದಲು ಇಮೇಲ್‌ನಲ್ಲಿ ಕೇಳಿ

ಏಜೆಂಟರ ಬಾಯಿಮಾತು ಕ್ಲೇಮ್ ದಿನ ಲೆಕ್ಕಕ್ಕೆ ಬರುವುದಿಲ್ಲ. ಈ ಪ್ರಶ್ನೆಗಳನ್ನು ಕಂಪನಿಗೆ ಬರೆದು ಉತ್ತರ ತರಿಸಿ, ಪಾಲಿಸಿಯ ಜೊತೆ ಇಡಿ.

- ಗುಡ್ಡ ಕಡಿದ ಧರೆಯ ಪಕ್ಕದಲ್ಲಿ ಮನೆ ಇದೆ, ಫೋಟೋ ಲಗತ್ತಿಸಿದೆ. ಧರೆ ಕುಸಿದರೆ ಭೂಕುಸಿತದ ಕವರ್ ಅನ್ವಯಿಸುತ್ತದೆಯೇ?
- ಕುಸಿದು ಬಂದ ಗುಡ್ಡದ ಮಣ್ಣು ತೆಗೆಯುವ ಖರ್ಚು ಅವಶೇಷ ತೆರವಿನಲ್ಲಿ ಸೇರುತ್ತದೆಯೇ?
- ಅದೇ ಜಾಗ ಕಟ್ಟಲು ಯೋಗ್ಯವಲ್ಲ ಎಂದಾದರೆ ಬೇರೆ ಜಾಗದಲ್ಲಿ ಕಟ್ಟಲು ಅದೇ ಮೊತ್ತ ಕೊಡುತ್ತೀರಾ?
- ಮನೆ ತಿಂಗಳಿಗಿಂತ ಹೆಚ್ಚು ಬೀಗ ಹಾಕಿದ್ದರೆ ಕವರ್ ಮುಂದುವರಿಯುತ್ತದೆಯೇ?

ಕೊನೆಯ ಪ್ರಶ್ನೆ ಮಕ್ಕಳೆಲ್ಲ ಬೆಂಗಳೂರು ಸೇರಿ, ಹಬ್ಬಕ್ಕೆ ಮಾತ್ರ ಬಾಗಿಲು ತೆರೆಯುವ ಮನೆಗಳಿಗಾಗಿ. ಬೆಂಕಿ ಪಾಲಿಸಿಗಳಲ್ಲಿ 30 ದಿನ ಮೀರಿ ಖಾಲಿ ಬಿಟ್ಟರೆ ಕವರ್ ನಿಲ್ಲುವ ಷರತ್ತು ಹಳೆಯದು. ಮೂರನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೂ ಹೊಸ ಜಾಗ ಕೊಳ್ಳುವ ಹಣ ನಿಮ್ಮದೇ.

ದಾಖಲೆಯ ಹೆಸರನ್ನೂ ಸರಿಮಾಡಿಕೊಳ್ಳಿ. ಹಿಸ್ಸೆಯಾಗದ ಮನೆಯಲ್ಲಿ ಖಾತೆ ತೀರಿಹೋದ ತಂದೆಯ ಹೆಸರಲ್ಲಿದ್ದು ವಿಮೆ ಒಬ್ಬ ಮಗನ ಹೆಸರಲ್ಲಿದ್ದರೆ ಹಣ ಬರುವುದು ತಡವಾಗುತ್ತದೆ. ಇ-ಸ್ವತ್ತಿನ ನಮೂನೆ 9, 11 ಅಥವಾ ಹಕ್ಕುಪತ್ರದಲ್ಲಿರುವ ಹೆಸರು, ಪಾಲಿಸಿಯ ಹೆಸರು ತಾಳೆಯಾಗಬೇಕು. ಪಾಲುದಾರರು ಹಲವರಿದ್ದರೆ ಎಲ್ಲರ ಹೆಸರನ್ನೂ ಸೇರಿಸಿ.

ಹೆಜ್ಜೆ 10: ಮನೆ ಬಿದ್ದ ದಿನ

ಮೊದಲು ಜನ ಹೊರಗೆ, ಆಮೇಲೆ ಮೆಸ್ಕಾಂಗೆ ಹೇಳಿ ಕರೆಂಟು ತೆಗೆಸಿ. ಅದೇ ದಿನ ಕಂಪನಿಯ ಸಹಾಯವಾಣಿಗೆ ತಿಳಿಸಿ, ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಗೃಹ ರಕ್ಷಾದಲ್ಲಿ ಹಾನಿ ಗಮನಕ್ಕೆ ಬಂದ 30 ದಿನದೊಳಗೆ ಕ್ಲೇಮ್ ಫಾರಂ ಸಲ್ಲಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಬೇಕು. ಕುಸಿತ, ನೆರೆಯಾದರೆ ಗ್ರಾಮ ಆಡಳಿತ ಅಧಿಕಾರಿ ಮಾಡುವ ಮಹಜರಿನ ಪ್ರತಿ ಪಡೆಯಿರಿ. ಆ ಮಹಜರಿನಲ್ಲಿ ಕಾರಣ ಏನೆಂದು ಬರೆದಿದೆ ಎಂದು ಸಹಿಗೆ ಮೊದಲು ಓದಿ. ಧರೆ ಕುಸಿದು ಬಿದ್ದ ಮನೆಗೆ "ಮನೆ ಶಿಥಿಲವಾಗಿದ್ದು ಮಳೆಗೆ ಬಿದ್ದಿದೆ" ಎಂದು ರೂಢಿಯಂತೆ ಬರೆದುಬಿಟ್ಟರೆ, ಆ ಒಂದು ಸಾಲು ಹಿಡಿದು ಕ್ಲೇಮ್ ತಿರಸ್ಕರಿಸಬಹುದು.

ಸರ್ವೇಯರ್ ಬಂದು ನೋಡುವವರೆಗೆ ಅವಶೇಷ ಎತ್ತಬೇಡಿ. ಉಳಿದದ್ದು ನೆನೆಯದಂತೆ ಟಾರ್ಪಾಲು ಕಟ್ಟುವುದು, ವಾಲಿದ ಗೋಡೆಗೆ ಆನಿಕೆ ಕೊಡುವುದು ನಿಮ್ಮ ಕರ್ತವ್ಯವೇ. ಅದರ ಬಿಲ್ಲು ಇಟ್ಟುಕೊಳ್ಳಿ. ಮನೆಯ ಹಳೇ ಫೋಟೋ, ಎಸ್ಟಿಮೇಟ್, ಪಾಲಿಸಿ, ಖಾತೆ ಪತ್ರಗಳ ಪ್ರತಿ ಆ ಮನೆಯಲ್ಲೇ ಇದ್ದರೆ ಅವೂ ಮಣ್ಣಿನಡಿಯಲ್ಲಿರುತ್ತವೆ. ಆದ್ದರಿಂದ ಪಾಲಿಸಿ ಮಾಡಿಸಿದ ದಿನವೇ ಎಲ್ಲವನ್ನೂ ನಿಮ್ಮ ಇಮೇಲ್‌ಗೆ, ದೂರದೂರಿನ ಒಬ್ಬ ನೆಂಟರ ಫೋನಿಗೆ ಕಳಿಸಿಡಿ.

ಸರ್ವೇಯರ್ ಲೆಕ್ಕ ಕಡಿಮೆ ಎನಿಸಿದರೆ ಅವರ ವರದಿಯ ಪ್ರತಿ ಕೇಳಿ, ನಿಮ್ಮ ಎಂಜಿನಿಯರರ ಎಸ್ಟಿಮೇಟ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ವ್ಯತ್ಯಾಸ ಬರೆದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ. "ಪೂರ್ತಿ ಮತ್ತು ಅಂತಿಮ ಪಾವತಿ" ಎಂಬ ಚೀಟಿಗೆ ಅವಸರದಲ್ಲಿ ಸಹಿ ಹಾಕಬೇಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಕೊಡಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು.